ಹಾಜರಿ

ಮಂಗಳವಾರ ಹತ್ತಕ್ಕ ಕೂಟ.
ಒಂಬತ್ತೂವರಿಗೇ ಅಜ್ಜಿ ಸುರು ಮಾಡ್ತಾಳ,
"ನಿಮ್ದೇನ್ ಬಡತನ ಬಿಡ್ರಿ.

ಕೆಂಜೋಳ ಬಂದ ವರ್ಷ
ನಿಮ್ಮಜ್ಜ ಕುಣಿಮಗ್ಗದಾಗ ಕಾಲಿಳಿಬಿಟ್ಟು ನೇಯ್ತಿದ್ದ,
ನಾ ಕಂಡಕಿ ಸುತ್ತತಿದ್ದೆ.
ಲಾಳಿಗಿಂತ ಮೊದಲ ಹೊಟ್ಟಿ ಸಪ್ಪಳಾ ಮಾಡ್ತಿತ್ತು.
ಖಣ ಒಯ್ದರ ಸಾವಕಾರ ಬೆಳಕಿಗೆ ಹಿಡಿದು
ಒಂದ ಎಳಿ ತಪ್ಪಿದ್ರೂ ನಾಕಾಣೆ ಮುರಕೊತಿದ್ದ.
ಆ ಜೋಳದ ಹಿಟ್ಟು ತಟ್ಟಿದ್ರ
ಹಳೇ ದೋತರದಂಗ ಕೈಯಾಗ ಹರೀತಿತ್ತು ರೊಟ್ಟಿ.
ನುಚ್ಚು ಮಾಡಿ ಉಂಡೀವಿ. ಅದೂ ಒಪ್ಪತ್ತು."

ನಾ ಏನೂ ಅನ್ನೂದಿಲ್ಲ.
ಅಕ್ಕಿ ಐತಿ, ಖರೆ. ಚೀಲದ ತುಂಬ ಐತಿ.
ಈ ಮನಿಗೆ ಬಂದಾಗಿಂದ ಉಪವಾಸ ಮಲಗಿಲ್ಲ,
ಅಜ್ಜಿಗೆ ಅದೊಂದ ಕಾಣ್ತೈತಿ.
ಮೂಲ್ಯಾಗ ಖಾಲಿ ಸಿಲಿಂಡರ್,
ಅದರ ಮ್ಯಾಲ ಮಗಳ ಪಾಟೀಚೀಲ.
ಗಂಡ ಬಾದಾಮಿ ಲಾಡ್ಜಿನ್ಯಾಗ ಹಾಸಿಗಿ ಬದಲಸ್ತಾನ.
ಗುಳೇದಗುಡ್ಡದ ನೇಕಾರನ ಮೊಮ್ಮಗ
ಗಿರಣಿ ಚಾದರ ಕೊಡವಿ ಹಾಸ್ತಾನ.
ಎಷ್ಟನೇ ನಂಬರಿನ ನೂಲಂತ
ಬೆರಳಿಗೆ ಇನ್ನೂ ಗೊತ್ತಾಗತೈತಂತ.
ಗೊತ್ತಾಗಿ ಏನ್ ಮಾಡೂದೈತಿ.

ಮೂವತ್ತು ಸಾವಿರ ತಗೊಂಡಿದ್ದೆ.
ಹದಿನಾಲ್ಕು ಮಗಳ ಆಪರೇಶನ್ನಿಗೆ,
ಒಂಬತ್ತು ಹಳೇ ಸಂಘದ ಕಂತಿಗೆ.
ಉಳದದ್ದು ಬರಿಯಾಕ ಕುಂತರ
ರೀಚಾರ್ಜು, ಬೂಟು, ಅಜ್ಜಿ ಚಷ್ಮಾ,
ಬಡತನ ಅನ್ನಾಕ ನಾಚಿಕಿ ಬರೂವಂಥವು.

ಹೋದ ವಾರ ನಾ ಕೂಟಕ್ಕ ಹೋಗಲಿಲ್ಲ.
ಈ ವಾರ ಕೂಟಾನ ನಮ್ಮ ಕಟ್ಟಿಗೆ ಬಂತು.

ಫೈನಾನ್ಸಿನ ಹುಡುಗ ಹೆಲ್ಮೆಟ್ಟು ತಗದು ಬೆವರು ಒರಸ್ಕೊಂಡ.
ಇಪ್ಪತ್ತೆರಡರಾಂವ ಇದ್ದಾನು. ಅಂವಗೂ ಟಾರ್ಗೆಟ್ಟು.
"ಅಕ್ಕಾರ, ಕಂತು ಬರೂತನಾ ಯಾರೂ ಏಳಂಗಿಲ್ಲ" ಅಂದ,
ಅಂದಾಂವ ಮೊಬೈಲ್ ನೋಡಿದ, ನನ್ನ ನೋಡಲಿಲ್ಲ.
ಒಂಬತ್ತು ಮಂದಿ ಕುಂತ್ರು.
ಹೆಸರು ಕರದಂಗ ಒಬ್ಬೊಬ್ಬರ "ಹಾಜರ್" ಅಂದ್ರು,
ಸಾಲಿ ಹುಡುಗೀರ ಹಂಗ.

ಕಡೀಕ ಹೊಸ್ತಿಲದಾಗ ಸಾವಂತ್ರೆವ್ವ.
ಗ್ವಾಡಿಗೆ ಗ್ವಾಡಿ ಹಚ್ಚಿದ ಮನಿ ಅಕೀದು.
ಸೆರಗು ಬಾಯಿಗೆ ಹಿಡದು ರಂಗೋಲಿ ನೋಡಾಕತ್ತಿದ್ಳು.
ನಾ ತುಂಬಲಿಲ್ಲಂದ್ರ ಅಕಿ ತುಂಬಬೇಕು.
ಒಲಿಮ್ಯಾಲ ಅನ್ನ ಇಟ್ಟು ಬಂದಿದ್ಳು,
ಸೀದ ವಾಸನಿ ನಮ್ಮ ಪಡಸಾಲಿಗೆ ಬರಾಕತ್ತಿತ್ತು,
ಏಳಾಕ ಅಕಿಗೂ ಬರೂವಂಗಿಲ್ಲ,
ಏಳು ಅನ್ನಾಕ ನನಗೂ ಬರೂವಂಗಿಲ್ಲ.

ಅಜ್ಜಿ ಹೊರಗ ಬಂದ್ಳು.
ಗ್ವಾಡಿ ಹಿಡಕೊಂಡು ಒಬ್ಬೊಬ್ಬರ ಮಾರಿ ನೋಡಿದ್ಳು.
ಬೈತಾಳ ಅನ್ಕೊಂಡೆ.
ಸಾವಂತ್ರೆವ್ವನ ಮುಂದ ನಿಂತು,
"ಕೆಂಜೋಳದ ವರ್ಷ ನಿಮ್ಮತ್ತಿ ಕಡೆ
ಒಂದ ಬಟ್ಟಲ ಬಿಳಿಜೋಳದ ಹಿಟ್ಟು ಇಸಕೊಂಡಿದ್ದೆ.
ತಿರುಗಿ ಕೊಡೋದ ಆಗಲಿಲ್ಲ.
ಅಕಿ ಕೇಳಲೂ ಇಲ್ಲ, ಸಾಯೂತನಾ."

ಹುಡುಗ ಕೇಳಿದ, "ಏನಂತಾರ್ರೀ ಆಯಿ?"
ಯಾರೂ ಹೇಳಲಿಲ್ಲ.

"ನಮ್ಮ ಕಾಲಕ್ಕ ಹಸಿವಿತ್ತಪ್ಪಾ" ಅಂದ್ಳು ಅಂವಗ,
"ಹಾಜರಿ ಇರಲಿಲ್ಲ."

ಆಮ್ಯಾಲ ಒಳಗ ಹೋಗಿ
ಹಿಟ್ಟಿನ ಡಬ್ಬಿ ಮುಚ್ಚಳ ತಗದ ಸಪ್ಪಳ,
ಬಟ್ಟಲ ತಳಕ್ಕ ತಿಕ್ಕಿದ ಸಪ್ಪಳ.
ತಳದಾಗ ಎಷ್ಟಿತ್ತು ನನಗ ಗೊತ್ತಿತ್ತು.
ಬಾಜೂ ಮನ್ಯಾಗ ಅನ್ನ ಸೀಯಾಕ ಹತ್ತಿತ್ತು ಇನ್ನೂ.