ನನ್ನ ಸೂರಿನ ಮೇಲಿನ ಕಡಲು

ನಮ್ಮ ಊರಿನ ಹೆಸರಿಗೆ ದೋಣಿ ಎಂದರ್ಥ.
ವೂಚ್. ಲಾಂಛನದಲ್ಲೂ ಒಂದು ದೋಣಿ, ಒಂದು ಹುಟ್ಟು.
ತೇಲಲು ಮಾತ್ರ ನೀರಿಲ್ಲ:
ಇದ್ದಬದ್ದ ಹೊಳೆಗಳನ್ನು ಗಿರಣಿಯ ಕಾಲದಲ್ಲೇ
ಕೊಳವೆಗೆ ತುರುಕಿ ಮೇಲೆ ಬೀದಿ ಹಾಸಿದರು.
ಸಮುದ್ರ ಬೇಕಿದ್ದರೆ ರೈಲು ಹತ್ತಬೇಕು,
ಇಲ್ಲವೇ ನನ್ನ ಹಾಗೆ
ಒತಿಲ್ಯಾಳ ಕೆಳಗಿನ ಮನೆಯಲ್ಲಿರಬೇಕು.

ನಾನೂರು ಲೀಟರ್ ಕಡಲು, ನನ್ನ ಮಂಚದ ನೇರ ಮೇಲೆ.
ಹೋದ ಫೆಬ್ರವರಿಯಲ್ಲಿ ಪೈಪು ಜಾರಿ
ಸೂರಿಗೆ ಇಳಿದ ಕಲೆ ಇನ್ನೂ ಇದೆ,
ಅಂಚಿಗೆ ಬಿಳಿ ಹರಳು.
ಸ್ಟೂಲು ಹತ್ತಿ ನಾಲಗೆ ಮುಟ್ಟಿಸಿದ್ದೇನೆ, ಸುಳ್ಳೇಕೆ.

ಟ್ರಾಮ್ ಓಡಿಸುವ ಹೆಂಗಸು. ರಜೆಯ ದಿನ
ಬಚ್ಚಲಲ್ಲಿ ಬಕೆಟ್ಟುಗಳ ಸಾಲು,
ಲೀಟರಿಗೆ ಮೂವತ್ತೈದು ಗ್ರಾಂ, ತೂಗಿ ತೂಗಿ ಸುರಿಯುತ್ತಾಳೆ.
ಉಪ್ಪು ತಿಂದವರು ನೀರು ಕುಡಿಯಬೇಕಂತೆ;
ಇವಳದು ನೀರಿಗೇ ಉಪ್ಪು ತಿನ್ನಿಸುವ ಸಂಸಾರ.

ಕೆಂಪು ರ‍್ಯಾಸ್ ಮೀನಿನ ಗಂಡು ಒಂದು ರಾತ್ರಿ
ಮುಚ್ಚಳದ ಬೆರಳಗಲ ಸಂದಿನಿಂದ ಹಾರಿ
ಬೀರುವಿನ ಹಿಂದೆ ಒಣಗಿ ಸಿಕ್ಕಿತು.
ಮೂರು ತಿಂಗಳಲ್ಲಿ
ಉಳಿದೆರಡು ಹೆಣ್ಣುಗಳಲ್ಲಿ ದೊಡ್ಡದು
ಬೆನ್ನಿನಿಂದ ಕೆಂಪಾಗುತ್ತ ಬಂದು, ರೆಕ್ಕೆ ಬಿಚ್ಚಿ ಮೆರೆದು,
ತಾನೇ ಗಂಡಾಯಿತು.
"ನನ್ನ ಗಂಡ ಬಿಟ್ಟು ಹೋದಾಗ
ಡ್ರಿಲ್ ಹಿಡಿಯಲು ಕಲಿತೆನಷ್ಟೆ. ಹೋಲಿಸಬೇಡಿ,"
ಅಂದಳು ಒತಿಲ್ಯಾ,
ನಾನು ಬಾಯಿ ತೆರೆಯುವ ಮೊದಲೇ.

ಜನವರಿಯಲ್ಲಿ ತಮ್ಮನ ಮಗಳ ಮದುವೆಗೆ ಹೊರಟಳು,
ನಿಜವಾದ ಸಮುದ್ರದ ಊರು ಗ್ದಿನ್ಯಾಗೆ, ಐದು ದಿನ.
ಕೀಲಿಕೈ ನನ್ನ ಕೈಗೆ. ಜೊತೆಗೊಂದು ಚೀಟಿ:
ಚಿಟಿಕೆಯಷ್ಟೇ ಹಾಕಿ. ಮುಚ್ಚಳ ಭದ್ರ.
ಹಳದಿಯದು ನಿನ್ನೆ ಸೆಬುವಿನಿಂದ ಬಂದು ಮರಳಿಗೆ ಇಳಿದಿದೆ.
ಕೆದಕಬೇಡಿ.
ಕೆದಕಬೇಡಿಯ ಕೆಳಗೆ ಎರಡು ಗೆರೆ.

ಬೆಳಗ್ಗೆ ಹೋದೆ, ಮಧ್ಯಾಹ್ನ ಹೋದೆ.
ಕ್ಲೌನ್ ಮೀನಿನ ಹೆಂಡತಿ
ಗಂಡನನ್ನು ಮೂಲೆಗೆ ತಳ್ಳಿ ತಾನು ತಿಂದಳು.
ಉಳಿದವುಗಳ ಮೈಯಿಂದ ಹುಳ ಹೆಕ್ಕುವ ನೀಲಿಪಟ್ಟೆಯ ಪುಟ್ಟದು
ಗಾಜಿಗೆ ಬಂದು ನನ್ನೆದುರು ಕುಣಿಯಿತು,
ನನ್ನ ಮೈಮೇಲೂ ಏನೋ ಇದೆ ಎಂಬಂತೆ.
ಮರಳು ಮಾತ್ರ ಮರಳೇ.
ಎರಡನೆಯ ದಿನವೂ ಮರಳು.
ಸತ್ತಿರಬೇಕು. ಕೊಂದವನು ನಾನೇ ಇರಬೇಕು.

ಅವಳಿಗೆ ಹೇಳಿರಲಿಲ್ಲ, ನನಗೆ ರಾತ್ರಿ ನಿದ್ದೆಯಿಲ್ಲ.
ಗಿರಣಿಯಲ್ಲಿ ಮೂವತ್ತೊಂದು ವರ್ಷ ಮೂರನೇ ಪಾಳಿ.
ಮಗ್ಗಗಳನ್ನು ಗುಜರಿಗೆ ತೂಗಿ ಕೊಟ್ಟರು,
ಆ ಕಟ್ಟಡದಲ್ಲೀಗ ಹೋಟೆಲು.
ಈ ಮೈಗೆ ಯಾರೂ ತಿಳಿಸಲಿಲ್ಲ.
ಎರಡಕ್ಕೆ ಎದ್ದು ಕೂತು
ದಾರ ಕಡಿಯುವುದನ್ನು ಕಾಯುತ್ತದೆ.

ಮೂರನೆಯ ರಾತ್ರಿ, ಎರಡೂ ಹತ್ತು. ಚಪ್ಪಲಿಯಲ್ಲೇ ಮೇಲೆ ಹೋದೆ.
ದೊಡ್ಡ ದೀಪ ಆರಿತ್ತು, ನೀಲಿ ಬಲ್ಬೊಂದೇ.
ಕಲ್ಲಿನ ಸಂದಿನಲ್ಲಿ ಹೊಸ ಗಂಡು
ತನ್ನದೇ ಲೋಳೆಯ ಗೂಡು ಹೊದ್ದು ಮಲಗಿತ್ತು.
ಮರಳು ಅಲುಗಿತು.
ಮೊದಲು ಮೂತಿ. ಆಮೇಲೆ ಕಣ್ಣು,
ಒಂದು ಈ ಕಡೆ, ಒಂದು ಆ ಕಡೆ ಹೊರಳಿ.
ಆಮೇಲೆ ನಿಂಬೆ ಸಿಪ್ಪೆಯಂಥ ಮೈ ಪೂರ್ತಿ.
ಖಾಲಿ ಬೀದಿಯಲ್ಲಿ ಕೆಲಸಕ್ಕೆ ಹೊರಟವನಂತೆ
ಕಲ್ಲು ಕಲ್ಲು ಕುಕ್ಕುತ್ತ ಹೋಯಿತು.
ಸೆಬುವಿನಲ್ಲಿ ಆಗ ಬೆಳಗಿನ ಒಂಬತ್ತು.
ಪ್ಲಾಸ್ಟಿಕ್ ಚೀಲದಲ್ಲಿ, ವಿಮಾನದ ಹೊಟ್ಟೆಯಲ್ಲಿ,
ಒಂದು ನಿಮಿಷವನ್ನೂ ಚೆಲ್ಲದೆ
ತನ್ನ ಕಡಲಿನ ಹೊತ್ತನ್ನು ಹೊತ್ತು ತಂದಿತ್ತು.

ಕುರ್ಚಿ ಎಳೆದುಕೊಂಡೆ. ಪಾಳಿಯಲ್ಲಿ ನಾವಿಬ್ಬರೇ.
ನಾಲ್ಕಕ್ಕೆ ಬ್ರೆಡ್ಡಿನ ಪೊಟ್ಟಣ ಬಿಚ್ಚಿದೆ, ಅಭ್ಯಾಸ.
ಮರುರಾತ್ರಿಯೂ.

ಒತಿಲ್ಯಾ ಬಂದಳು, ಮದುವೆಯ ಕೇಕು ಕೊಟ್ಟಳು.
"ಹೊರಗೆ ಬಂತೇ?"
"ಕಾಣಲಿಲ್ಲ," ಅಂದೆ. ಯಾಕೆ ಹಾಗಂದೆನೋ.
ಮುಂದಿನ ವಾರ ಮೆಟ್ಟಿಲಲ್ಲಿ ಸಿಕ್ಕಳು, ಮುಖವೆಲ್ಲ ನಗು:
ಮಧ್ಯಾಹ್ನವೇ ಎದ್ದು ಓಡಾಡುತ್ತಿದೆಯಂತೆ,
ದೀಪ ಆರಲು ಹತ್ತು ನಿಮಿಷವಿರುವಾಗಲೇ
ಮರಳಿಗೆ ಇಳಿಯುತ್ತದಂತೆ.
"ನೋಡಿ, ಊರಿಗೆ ಹೊಂದಿಕೊಂಡಿತು."
ಒಳ್ಳೆಯದು, ಅಂದೆ. ಒಳ್ಳೆಯದೇ.

ಎರಡಕ್ಕೆ ಕಣ್ಣು ಬಿಟ್ಟರೆ ಸೂರಿನ ಕಲೆ.
ಅದರ ಮೇಲೆ ಹಲಗೆ, ಹಲಗೆಯ ಮೇಲೆ ಗಾಜು,
ಗಾಜಿನ ಮೇಲೆ ನಾಲ್ಕು ಬೆರಳು ಮರಳು,
ಮರಳಿನಲ್ಲಿ ನಿದ್ದೆ.
ಕೀಲಿಕೈ ವಾಪಸು ಕೊಟ್ಟಾಗಿದೆ.