ಹುಳ ತಿಂದ ಅಕ್ಷರ

ಶಿಡ್ಲಘಟ್ಟದ ಹಳೇ ನಿಕಾಹ್ ದಫ್ತರುಗಳು
ಅತೀಖ್ ಪಾಷಾನ ಸೈಕಲ್ ಅಂಗಡಿಯ ಅಟ್ಟದಲ್ಲಿವೆ.
ಅಜ್ಜ ಖಾಜಿ; ಮೊಮ್ಮಗನ ಕೈಗೆ ಪಂಚರ್ ಸೊಲ್ಯೂಷನ್.
"ಎಷ್ಟು ಬೇಕಾದ್ರೂ ನೋಡ್ಕೊಳಿ ಮೇಡಂ, ಮನೆಗೆ ಮಾತ್ರ ಒಯ್ಯಬೇಡಿ."
ಟ್ಯೂಬುಗಳ ನಡುವೆ ಕೂತು ನಕಲು ಮಾಡಿಕೊಳ್ಳುತ್ತೇನೆ:
ವರ, ವಧು, ವಕೀಲ, ಸಾಕ್ಷಿ ಇಬ್ಬರು, ಮಹರು ಇಷ್ಟು.
ಎಂ.ಎ. ಕೊನೆಯ ಸೆಮಿಸ್ಟರಿನ ಪ್ರಬಂಧಕ್ಕೆ
ನಾನೂರ ಹನ್ನೊಂದು ಮದುವೆ.

ಮಹರಿನ ಪಕ್ಕ ಒಂದೇ ಪದ, ಮುಅಜ್ಜಲ್.
ಐನ್ ಹಾಕಿ ಬರೆದರೆ ಕೂಡಲೇ ಕೊಡತಕ್ಕದ್ದು,
ವಾವ್ ಮೇಲೊಂದು ಹಮ್ಜಾ ಕೂತರೆ ಆಮೇಲೆ,
ಅಂದರೆ ತಲಾಖಿಗೋ ಸಾವಿಗೋ.
ನಮ್ಮ ಬಾಯಲ್ಲಿ ಎರಡೂ ಒಂದೇ.
ಕನ್ನಡದಲ್ಲಿ ಬರೆದರೂ ಒಂದೇ; ಈಗ ತಾನೇ ಬರೆದೆನಲ್ಲ.

ಇನ್ನೂರ ಹದಿನಾಲ್ಕನೇ ನಮೂದು. ಹಿಜರಿ ೧೩೮೮.
ಖುತೇಜಾಬಿ. ಮಹರು ಐನೂರ ಇಪ್ಪತ್ತೈದು.
ಮೀಮ್ ಇದೆ, ಜೀಮ್ ಇದೆ, ಲಾಮ್ ಇದೆ.
ನಡುವಿನದೊಂದನ್ನು ಹುಳ ತಿಂದಿದೆ,
ಸೊಪ್ಪನ್ನು ಅಂಚಿನಿಂದ ಮೇಯ್ದು ಬರುವ ಹಾಗಲ್ಲ,
ಓದಿ, ಯೋಚಿಸಿ, ಆರಿಸಿದ ಹಾಗೆ.

ಗೈಡು ಸಿಬ್ಗತುಲ್ಲಾ ಸರ್ ಫೋನಿನಲ್ಲಿ ಗಂಟಲು ಸರಿಮಾಡಿಕೊಂಡರು:
"ಊಹೆ ಬೇಡಮ್ಮ. ಅಸ್ಪಷ್ಟ ಅಂತ ಬರೆದು ಮುಂದೆ ಹೋಗು."
ಸೋಮವಾರ ಕರಡು ಕೊಡಬೇಕು. ಹೋಗಬಹುದಿತ್ತು.
ಅತೀಖ್ ಅಂದ, ಚಕ್ರದ ಕಡ್ಡಿ ಬಿಗಿಯುತ್ತಾ,
"ಆಯಮ್ಮ ಇದಾಳಲ್ಲ, ಗೂಡಿನ ಮಾರ್ಕೆಟ್ ಹಿಂದೆ!"

ಓಣಿಗೆ ಓಣಿಯೇ ಬೆಂದ ಹುಳದ ವಾಸನೆ.
ಬಿಸಿನೀರಲ್ಲಿ ಗೂಡುಗಳು ಕುಣಿಯುತ್ತಿದ್ದವು,
ಸೊಸೆ ಎಳೆ ಹಿಡಿದಿದ್ದಳು, ಖುತೇಜಾಬಿ ಮಂಚದ ಮೇಲೆ.
ಮೊದಲು ಒಪ್ಪಿಗೆ ಪತ್ರ, ವಿಶ್ವವಿದ್ಯಾಲಯದ ನಿಯಮ.
ಹೆಬ್ಬೆಟ್ಟು ಒತ್ತಿದಳು.
ಗೆರೆಯೇ ಇಲ್ಲ.
ನಲವತ್ತು ವರ್ಷ ಕುದಿನೀರಲ್ಲಿ ತುದಿ ಹುಡುಕಿದ ಬೆರಳು,
ಹುಣಸೆಬೀಜದಷ್ಟು ನುಣುಪಾದ ನೀಲಿ ಕಲೆ.
"ರೇಷನ್ ಮಿಷಿನ್ನೂ ನನ್ನ ಒಪ್ಪಲ್ಲ" ಅಂತ ನಕ್ಕಳು.
ದಫ್ತರಿನಲ್ಲಿ ಇದೇ ಹೆಬ್ಬೆಟ್ಟು
ಸುಳಿ ಸುಳಿಯಾಗಿ ಕೂತಿತ್ತು, ಹದಿನಾರರದು.

ಕೇಳಿದೆ: ಕೂಡಲೇನಾ, ಆಮೇಲಾ?
"ಎರಡೂ ಅಲ್ಲ ಬೇಟಿ."
ಮೊದಲ ರಾತ್ರಿ ಮಾಫ್ ಮಾಡು ಅಂದನಂತೆ,
ಅವನ ಅಣ್ಣಂದಿರೂ ಅಂದಿದ್ದರಂತೆ ಅವರವರ ರಾತ್ರಿ.
ಇವಳಿಗೆ ಕೆಮ್ಮು ಬಂತು.
ಅದನ್ನೇ ಹ್ಞೂಂ ಅಂದುಕೊಂಡು ಮಲಗಿದ.

ಚರಕದ ಕೆಳಗೆ ಬೀಳುವ ಸಿಕ್ಕು,
ಅವನು ಲೆಕ್ಕಕ್ಕೇ ಹಿಡಿಯದ ಕಸ,
ಸೆರಗಲ್ಲಿ ಕಟ್ಟಿಟ್ಟು, ಬುಧವಾರ ಬರುವವನಿಗೆ ಮಾರಿ,
ವಾರಕ್ಕೊಂದು ರೂಪಾಯಿ. ರೂಪಾಯಿಗೊಂದು ಗಂಟು.
ದಿಂಬಿನ ಹೊಲಿಗೆ ಬಿಚ್ಚಿ ತೆಗೆದಳು ದಾರ,
ಬೆಕ್ಕಿನ ಮರಿ ಮುದುರಿದಷ್ಟು ದಪ್ಪ.

ಪ್ರಬಂಧ ಇಂಗ್ಲಿಷಿನಲ್ಲಿ, ದಫ್ತರು ಉರ್ದುವಿನಲ್ಲಿ,
ಅವಳ ಮಾತು ದಖನಿ. ಎಣಿಕೆ ಮಾತ್ರ
ಸರ್ಕಾರಿ ಶಾಲೆಯ ಕನ್ನಡದಲ್ಲೇ ಬಂತು ನನಗೆ,
ಮಗ್ಗಿ ಹೇಳುವಾಗಿನಂತೆ ತಲೆ ಅಲ್ಲಾಡಿಸುತ್ತಾ.
ಐನೂರ ಹತ್ತೊಂಬತ್ತು.
ಮತ್ತೆ ಎಣಿಸಿದೆ. ಅಷ್ಟೇ.

"ಆರು ಕಮ್ಮಿ ಇದೆ ನಾನಿ."
"ಗೊತ್ತು. ಅಷ್ಟರಲ್ಲಿ ಹೋದ.
ಮಯ್ಯತ್ತು ಎತ್ತೋ ಮುಂಚೆ ಹೆಂಗಸರೆಲ್ಲ ಸುತ್ತ ನಿಂತು
ಮಾಫ್ ಮಾಡು, ಮಾಫ್ ಮಾಡು ಅಂದರು.
ಆರು ರೂಪಾಯಿ ಮಾಫ್ ಮಾಡಿದೆ."

ಆ ದುಡ್ಡು ಏನಾಯಿತೆಂದು ಕೇಳಲಿಲ್ಲ,
ಪ್ರಶ್ನಾವಳಿಯಲ್ಲಿ ಇರಲಿಲ್ಲ.

ರಾತ್ರಿ ಕೋಷ್ಟಕ ತೆರೆದೆ. ಎರಡೇ ಕಾಲಂ.
ಪಕ್ಕಕ್ಕೆ ಮೂರನೆಯದೊಂದು ಎಳೆದು
ತಲೆಬರಹವಿಲ್ಲದೆ ಬಿಟ್ಟಿದ್ದೇನೆ.
ಇದಕ್ಕೆ ಅರಬ್ಬಿಯಲ್ಲಿ ಏನಂತಾರೆ ಎಂದು ಸರ್ ಕೇಳೇ ಕೇಳುತ್ತಾರೆ.
ಸೋಪಿಗೆ ಜಗ್ಗದ ವಾಸನೆ ಇನ್ನೂ ಬೆರಳಲ್ಲಿ.