ಬಲಗೈಯ ಉಗುರು

ಸೊಸೈಟಿ ಬ್ಯಾಂಕಿನ ಕೌಂಟರಿನಲ್ಲಿ ನಾನು ನೋಟು ಎಣಿಸುವಾಗ
ಆಚೆ ನಿಂತವರು ನನ್ನ ಕೈ ನೋಡುತ್ತಾರೆ:
ಎಡಗೈಯ ಉಗುರು ಬುಡಮಟ್ಟ ಕತ್ತರಿಸಿದ್ದು,
ಬಲಗೈಯದು ಉದ್ದ, ನುಣುಪು, ಒಂದು ಬದಿಗೆ ಇಳಿಜಾರು.
ಹರಕೆಯಾ, ಎಂದು ಒಬ್ಬಾಕೆ ಕೇಳಿದರು.
ಹೌದೆಂದೆ. ಹಿಂದೆ ಸಾಲಿತ್ತು.

ಉಪ್ಪಳದಲ್ಲಿ, ಅಕ್ಕಿ ಗಿರಣಿಯ ಮೇಲಿನ ಕೋಣೆ.
ಇನಾಸ್ ಮೊಂತೇರೊ, ಗಿಟಾರ್ ತರಗತಿ.
ಬೋರ್ಡಿನಲ್ಲಿ ಮೂರು ಲಿಪಿ, ಮೂರರಲ್ಲೂ ಬೇರೆ ಬೇರೆ ತಪ್ಪು.
ಕೆಳಗೆ ಬೆಲ್ಟು ತಿರುಗಿದರೆ ಮೇಲೆ ನೆಲ ನಡುಗಿ
ಆರನೇ ತಂತಿ ತಾನಾಗಿ ಗುಂಯ್ ಅನ್ನುತ್ತಿತ್ತು.
"ನೋಡು, ಮಿಲ್ಲಿನವ ಶ್ರುತಿ ಕೊಟ್ಟ" ಎನ್ನುವರು ಮಾಸ್ಟ್ರು
ಹಳೆ ಬನಿಯನಿನಿಂದ ತವುಡಿನ ಧೂಳು ಒರೆಸುತ್ತ.

ಮೊದಲ ಮೂರು ತಿಂಗಳು ಎಡಗೈಗೆ ಕೆಲಸವೇ ಇಲ್ಲ.
ಬರೀ ತಂತಿ. ಹೆಬ್ಬೆರಳು, ತೋರು, ನಡು, ಉಂಗುರ.
ಕಿರುಬೆರಳು ಪಂಕ್ತಿಯಲ್ಲಿ ಎಲೆ ಸಿಗದವನ ಹಾಗೆ
ಬದಿಯಲ್ಲಿ ನಿಂತಿರುತ್ತಿತ್ತು.
ತಾಳಕ್ಕೆ ಅವರಿಗೆ ಒಂದು ಭಾಷೆ ಸಾಲದು.
ಒಂಜಿ ರಡ್ಡ್ ಮೂಜಿ ನಾಲ್ ಎಂದರೆ ನಿಧಾನ,
ಏಕ್ ದೋನ್ ತೀನ್ ಚಾರ್ ಎಂದರೆ ಓಟ,
ಮಲಯಾಳದಲ್ಲಿ ಎಣಿಸುತ್ತಿದ್ದುದು ಫೀಸು, ಅದೂ ಅಪರೂಪ.
ಕನ್ನಡದಲ್ಲಿ ಎಣಿಸತೊಡಗಿದರೆ
ಸಿಟ್ಟು ಬಂದಿದೆ ಎಂದರ್ಥ.

ಸಿನಿಮಾ ಹಾಡಿಗೆಂದು ಬಂದವರು ಎರಡನೇ ವಾರ ಮೆಟ್ಟಿಲಿಳಿದರು.
ಉಳಿದವರು ಮೂವರು:
ಮೀನಿನ ಲಾರಿ ತೊಳೆದು ಬರುತ್ತಿದ್ದ ಅಶ್ಫಾಕ್,
ಕಾನ್ವೆಂಟಿನ ಸಿಸ್ಟರ್ ಎವುಲಾಲಿಯಾ,
ಮತ್ತೆ ನಾನು, ದರ್ಜಿ ಐತಪ್ಪ ಗಟ್ಟಿಯ ಮಗಳು.
ಎಷ್ಟು ಸಾಬೂನು ಹಚ್ಚಿದರೂ
ಅಶ್ಫಾಕ್ ಮುಟ್ಟಿದ ತಂತಿಯಲ್ಲಿ ಬಂಗುಡೆಯ ವಾಸನೆ.
ಅವನು ಕೈ ಹಿಂದಕ್ಕೆ ತೆಗೆದಾಗ ಮಾಸ್ಟ್ರು ಅಂದರು:
"ಕರುಳಿನಿಂದಲೇ ತಂತಿ ಹೊಸೆಯುತ್ತಿದ್ದ ಕಾಲವಿತ್ತು ಮಾರಾಯ,
ವಾಸನೆಗೆ ಯಾಕೆ ಹೆದರುವುದು."

ಒಟ್ಟು ಎಷ್ಟು ಕಛೇರಿ ಮಾಡಿದ್ದೀರಿ, ಕೇಳಿದ್ದೆ ಒಮ್ಮೆ.
ಬೆರಳು ಮಡಚಿದರು.
ಹಡಗಿನ ಊಟದ ಹಾಲಿನಲ್ಲಿ ನುಡಿಸಿದ ನಾಲ್ಕು ವರ್ಷ
ಲೆಕ್ಕಕ್ಕಿಲ್ಲ, ಅಲ್ಲಿ ಚಮಚಗಳದೇ ಸದ್ದು.
ಬೊಂಬಾಯಿಯಲ್ಲಿ ಒಂದು. ಹದಿನೇಳು ಜನ,
ಇಬ್ಬರು ಬರೇ ಮಳೆಗೆ ಒಳಬಂದವರು.
ಕಾಸರಗೋಡಿನಲ್ಲಿ ಒಂದು. ಅರ್ಧದಲ್ಲಿ ಕರೆಂಟು ಹೋಗಿ
ಮೈಕು ಸತ್ತಿತು. "ಆವತ್ತು ಮಾತ್ರ," ಎಂದರು,
"ಜನ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು."
ಮಡಚಿದ ಎರಡು ಬೆರಳು ಬಿಚ್ಚಲು
ಸ್ವಲ್ಪ ಹೊತ್ತು ತಗೊಂಡರು.

ಶಾಲೆಯ ಸಂಗೀತದ ಹುದ್ದೆಗೆ ಐದು ಸಲ ಅರ್ಜಿ.
ಹಾರ್ಮೋನಿಯಂ ಬರುತ್ತದೆಯೇ ಎಂಬಲ್ಲಿ
ಐದು ಸಲವೂ ಇಲ್ಲ ಎಂದು ಬರೆದರು.
ಬರುತ್ತಿತ್ತು. ನಾನೇ ಕೇಳಿದ್ದೇನೆ
ಸಿಸ್ಟರ್ ಎವುಲಾಲಿಯಾ ಬಾರದ ಒಂದು ಸಂಜೆ.

ಮೊನ್ನೆ ಸ್ಟೇಪ್ಲರಿಗೆ ಸಿಕ್ಕಿ
ಉಂಗುರಬೆರಳಿನ ಉಗುರು ಮುರಿಯಿತು.
ಅರ್ಧ ದಿನ ರಜೆ ಬರೆದು ಬಸ್ಸು ಹತ್ತಿದೆ.
ಗಿರಣಿಯಿದ್ದಲ್ಲಿ ಈಗ ಟೈಲ್ಸ್ ಅಂಗಡಿ; ನೆಲ ನಡುಗುವುದಿಲ್ಲ.
ಮಾಸ್ಟ್ರ ಕಿವಿ ಪೂರ್ತಿ ಮಂದ.
ಬೆರಳು ತೋರಿಸಿದೆ. ಸತ್ತ ಹಕ್ಕಿ ನೋಡುವ ಹಾಗೆ ನೋಡಿ
ಒಳಗಿನಿಂದ ಪಿಂಗ್‌ಪಾಂಗ್ ಚೆಂಡು ತಂದರು,
ಕತ್ತರಿಯಲ್ಲಿ ಒಂದು ಚಂದ್ರ ಕೊಯ್ದು
ಅಂಟು ಹಾಕಿ ಊದಿ, ಬೆಂಕಿಪೊಟ್ಟಣದ ಬದಿಗೆ ಉಜ್ಜಿ,
ತಮ್ಮ ತುಟಿಯ ಮೇಲೆ ಎಳೆದು ಪರೀಕ್ಷಿಸಿದರು, ಅಂಚು ತರಚದ ಹಾಗೆ.

ನಂತರ ಗಿಟಾರನ್ನು ನನ್ನ ತೊಡೆಗಿಟ್ಟು
ಅದರ ಹೆಗಲಿಗೆ ಗದ್ದ ಒತ್ತಿ, ಕಣ್ಣು ಮುಚ್ಚಿ,
ನುಡಿಸು ಎಂದರು. ಕಿವಿಗೆ ಬಾರದ್ದು
ಮರದಿಂದ ಹಲ್ಲಿಗೆ, ಹಲ್ಲಿನಿಂದ ತಲೆಗೆ.
ಅಷ್ಟು ಹತ್ತಿರ ಅವರ ಉಸಿರು, ಕರ್ಪೂರದ ಎಣ್ಣೆ.
ಚೆಂಡಿನ ಚೂರು ತಂತಿಗೆ ತಾಗಿ ಚೊಕ್ಕ ಸ್ವರ ಬಂತು,
ನನ್ನ ಸ್ವಂತದ್ದಕ್ಕಿಂತ ಚೊಕ್ಕ.

ನಾಲ್ಕನೇ ಸಾಲಿನಲ್ಲಿ ಅವಸರ ಮಾಡಿದೆ.
ಮರದ ಮೇಲಿನ ದವಡೆ ಬಿಗಿಯಿತು.
ಒಂದು, ಎಂದರು.
ಎರಡು.